ಮಡಿಕೇರಿ ಮಳೆಗೆ ಯಾವ ಪಿಯಾನೊ?

ಕೊಡಗಿನಲ್ಲಿ ಮನೆಗೆ ಪಿಯಾನೊ ತರಬೇಕು ಅಂತ ಮನಸ್ಸು ಮಾಡಿದವರು ಮೊದಲು ಅಂಗಡಿಗೆ ಫೋನ್ ಮಾಡುತ್ತಾರೆ. ನನ್ನನ್ನು ಕೇಳಿದರೆ ಮೊದಲ ಫೋನ್ ಪಿಯಾನೊದ ಶ್ರುತಿ ಕೂಡಿಸುವ ಟ್ಯೂನರ್‌ಗೆ ಹೋಗಬೇಕು. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಈ ಘಟ್ಟ ಹತ್ತಿ ವರ್ಷಕ್ಕೆ ಎರಡು ಸಲ ನಮ್ಮ ಮನೆಗೆ ಬರುತ್ತೀರಾ ಅಂತ ಕೇಳಿ. ಬರುತ್ತೇನೆ ಅಂದರೆ ಎಷ್ಟಾಗುತ್ತೆ, ಯಾವ ತಿಂಗಳು ಬರಬಹುದು, ಮಳೆಗಾಲದಲ್ಲಿ ಕೀ ಹಿಡಿದುಕೊಂಡರೆ ಫೋನಿನಲ್ಲೇ ಏನಾದರೂ ಹೇಳಿಕೊಡುತ್ತೀರಾ ಅಂತಲೂ ಕೇಳಿ. ಆ ಮಾತು ಮುಗಿದ ಮೇಲೆ ಯಮಹಾನೋ ಕವಾಯಿಯೋ, ಕಪ್ಪೋ ಕಂದೋ, ಹೊಸದೋ ಹಳೆಯದೋ ಅನ್ನುವ ಚರ್ಚೆ ಶುರು ಮಾಡಿ. ಪಿಯಾನೊ ದೇಶದಲ್ಲಿ ಬೇಕಾದಷ್ಟು ಸಿಗುತ್ತವೆ. ಮಡಿಕೇರಿವರೆಗೆ ಬರುವ ಟ್ಯೂನರ್ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ನಾವೇನೂ ಸಂಗೀತದ ಮನೆತನದವರಲ್ಲ. ಮಡಿಕೇರಿಯಿಂದ ಸ್ವಲ್ಪ ಹೊರಗೆ, ಕಾಫಿ ತೋಟದ ಅಂಚಿನಲ್ಲಿ ನಮ್ಮ ಮನೆ. ಮಗಳು ಪೇಟೆಯಲ್ಲಿ ಒಬ್ಬರು ಟೀಚರ್ ಹತ್ತಿರ ಪಿಯಾನೊ ಕಲಿಯುತ್ತಿದ್ದಳು. ಅವಳನ್ನು ಕರೆದುಕೊಂಡು ಹೋಗಿ, ಪಾಠ ಮುಗಿಯುವ ತನಕ ಅಲ್ಲೇ ಕೂತು ಕೂತು ನನಗೂ ಆಸೆ ಹತ್ತಿತು. ನಲವತ್ತು ದಾಟಿದ ಮೇಲೆ ನಾನೂ ಶುರು ಮಾಡಿದೆ. ಮನೆಯಲ್ಲಿ ಒಂದು ಡಿಜಿಟಲ್ ಪಿಯಾನೊ ಇತ್ತು, ಅದಕ್ಕೆ ಇಬ್ಬರೂ ಜಗಳ. ನಿಜವಾದ ಅಪ್‌ರೈಟ್, ಅಂದರೆ ಬೀರುವಿನ ಹಾಗೆ ನೆಟ್ಟಗೆ ನಿಲ್ಲುವ ಪಿಯಾನೊ, ಒಂದು ತರೋಣ ಅಂತ ಮಾತು ತೆಗೆದಾಗ ನಮ್ಮತ್ತೆ, ‘ಅದು ದೊರೆಗಳ ಬಂಗಲೆಯಲ್ಲಿ ಇರುತ್ತಿದ್ದ ಸಾಮಾನು, ನಮಗ್ಯಾಕಮ್ಮಾ ಅದು?’ ಅಂದರು. ನಾನು ಮೈಸೂರು ಮಹಾರಾಜರ ಕತೆ ಹೇಳಿದೆ. ಜಯಚಾಮರಾಜ ಒಡೆಯರು ಸ್ವತಃ ಪಿಯಾನೊ ನುಡಿಸುತ್ತಿದ್ದರು. ಲಂಡನ್ನಿನಲ್ಲಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಗಾರರ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ತಾವೇ ದುಡ್ಡು ಕೊಟ್ಟು ರೆಕಾರ್ಡ್ ಮಾಡಿಸಿದರು, ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಮಹಾರಾಜರಿಗೇ ಅರ್ಪಿಸಿದರು. ಅತ್ತೆ ಎಲ್ಲ ಕೇಳಿಸಿಕೊಂಡು, ‘ಅವರಿಗೆ ಅರಮನೆ ಇತ್ತು. ನಮ್ಮದು ಬೂಷ್ಟು ಹಿಡಿಯೋ ಮನೆ’ ಅಂದರು.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ, ಅದರಲ್ಲಿ ಜಾಸ್ತಿ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಜುಲೈ, ಆಗಸ್ಟ್‌ನ ಕಕ್ಕಡ ತಿಂಗಳಲ್ಲಂತೂ ಬೀರುವಿನೊಳಗಿನ ರೇಷ್ಮೆ ಸೀರೆಗೂ ಬೂಷ್ಟು, ಚರ್ಮದ ಬೆಲ್ಟಿಗೂ ಬೂಷ್ಟು, ಉಪ್ಪಿನ ಡಬ್ಬಿಯಲ್ಲಿ ನೀರು. ಕಿಟಕಿ ತೆಗೆದರೆ ಮಂಜು ನೇರ ಹಾಲ್‌ಗೆ ಬಂದು ಕೂರುತ್ತದೆ. ಇಂಥಾ ಮನೆಗೆ ಲಕ್ಷಗಟ್ಟಲೆ ಕೊಟ್ಟು ಮರ, ಉಣ್ಣೆ, ಉಕ್ಕು ಮೂರೂ ಸೇರಿಸಿ ಮಾಡಿದ ವಸ್ತು ತರುವುದು ಅಂದರೆ ಯೋಚನೆ ಮಾಡಲೇಬೇಕಲ್ವಾ.

ಪಿಯಾನೊ ಒಳಗೆ ಏನಿದೆ ಅಂತ ಒಮ್ಮೆ ನೋಡಿಬಿಟ್ಟರೆ ಉಳಿದದ್ದು ಅರ್ಥವಾಗುತ್ತದೆ. 88 ಕೀ, 52 ಬಿಳಿ, 36 ಕಪ್ಪು. ಅವಕ್ಕೆ ಸುಮಾರು 230 ತಂತಿ. ತೀರಾ ಕೆಳಗಿನ ಸ್ವರಗಳಿಗೆ ತಾಮ್ರ ಸುತ್ತಿದ ದಪ್ಪ ತಂತಿ ಒಂದೊಂದೇ, ಆಮೇಲೆ ಎರಡೆರಡು, ಮೇಲೆ ಹೋದಂತೆ ಒಂದೊಂದು ಸ್ವರಕ್ಕೂ ಮೂರು ಮೂರು. ಪ್ರತಿ ತಂತಿಯನ್ನೂ 70 ಕೆಜಿ ಆಸುಪಾಸಿನ ಬಿಗಿಯಲ್ಲಿ ಎಳೆದು ಕಟ್ಟಿರುತ್ತಾರೆ, ಒಟ್ಟು ಲೆಕ್ಕ ಹಾಕಿದರೆ 15 ಟನ್ ದಾಟುತ್ತದೆ. ಅಷ್ಟು ಎಳೆತ ತಡೆಯೋಕೆ ಒಳಗೆ ಎರಕದ ಕಬ್ಬಿಣದ ಚೌಕಟ್ಟು. ಅದಕ್ಕೇ ಒಂದು ಅಪ್‌ರೈಟ್ 200 ಕೆಜಿ ಮೇಲೆ ತೂಗುವುದು. ತಂತಿಗಳ ಹಿಂದೆ ಸ್ಪ್ರೂಸ್ ಮರದ ದೊಡ್ಡ ತೆಳು ಹಲಗೆ ಇದೆ, ಅದು ಸೌಂಡ್‌ಬೋರ್ಡ್. ಶಬ್ದ ನಿಜವಾಗಿ ಹುಟ್ಟುವುದು ಅಲ್ಲಿ. ಆ ಹಲಗೆ ಸ್ವಲ್ಪ ಉಬ್ಬಿಕೊಂಡಿರುತ್ತದೆ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಮರ ನೀರು ಕುಡಿದು ಇನ್ನಷ್ಟು ಉಬ್ಬುತ್ತದೆ, ತಂತಿಗಳನ್ನು ಮುಂದಕ್ಕೆ ನೂಕುತ್ತದೆ, ಶ್ರುತಿ ಏರುತ್ತದೆ. ಬೇಸಿಗೆಯಲ್ಲಿ ಒಣಗಿದರೆ ಇಳಿಯುತ್ತದೆ. ಎಲ್ಲ ಸ್ವರವೂ ಒಂದೇ ಸಮ ಏರಿದ್ದರೆ ತಲೆಕೆಡಿಸಿಕೊಳ್ಳಬೇಕಾಗಿರಲಿಲ್ಲ. ಆದರೆ ನಡುಭಾಗದ ಸ್ವರಗಳು ಜಾಸ್ತಿ ಏರುತ್ತವೆ, ಕೆಳಗಿನವು ಕಮ್ಮಿ. ಆಗ ಎಡಗೈಗೂ ಬಲಗೈಗೂ ಹೊಂದಾಣಿಕೆ ತಪ್ಪುತ್ತದೆ.

ಇದು ಶ್ರುತಿಯ ಮಾತಾಯಿತು. ಕೀಗಳ ಕಷ್ಟ ಬೇರೆ. ಪ್ರತಿ ಕೀ ಒಳಗೆ ಒಂದು ಪಿನ್ನಿನ ಸುತ್ತ ಉಣ್ಣೆ ಬಟ್ಟೆಯ ಪಟ್ಟಿ ಅಂಟಿಸಿರುತ್ತಾರೆ, ಕೀ ಲಟಪಟ ಅನ್ನಬಾರದು ಅಂತ. ಮಳೆಗಾಲದಲ್ಲಿ ಆ ಬಟ್ಟೆ ಊದಿಕೊಂಡು ಪಿನ್ನನ್ನು ಹಿಡಿಯುತ್ತದೆ. ಒತ್ತಿದ ಕೀ ಕೆಳಗೇ ಉಳಿಯುತ್ತದೆ, ಇಲ್ಲಾ ಹ್ಯಾಮರ್ ಅನ್ನುವ ಪುಟ್ಟ ಸುತ್ತಿಗೆ ತಂತಿಗೆ ಬಡಿದು ಸೋಮಾರಿಯ ಹಾಗೆ ನಿಧಾನಕ್ಕೆ ವಾಪಸ್ ಬರುತ್ತದೆ. ಮೇಲಿಂದ ತಂತಿಗೆ ತುಕ್ಕು, ಫೆಲ್ಟ್ ಅನ್ನುವ ದಪ್ಪ ಉಣ್ಣೆ ಬಟ್ಟೆಗೆ ನುಸಿ, ಹಿಂದಿನ ಗೋಡೆಯಿಂದ ಗೆದ್ದಲು. ಪಿಯಾನೊ ಮಾಡುವವರು ಸಾಮಾನ್ಯವಾಗಿ ಗಾಳಿಯ ತೇವ ಶೇಕಡ 40ರಿಂದ 60ರೊಳಗೆ ಇರಲಿ ಅನ್ನುತ್ತಾರೆ. ಜುಲೈಯಲ್ಲಿ ನಮ್ಮ ಹಾಲ್‌ನಲ್ಲಿ ಇಟ್ಟ ತೇವದ ಮೀಟರ್ 90 ತೋರಿಸುತ್ತಾ ನಿಂತುಬಿಡುತ್ತದೆ.

ಹಾಗಂತ ಕೊಡಗೆಲ್ಲ ಒಂದೇ ಅಲ್ಲ. ಕುಶಾಲನಗರದ ಕಡೆ ಮಡಿಕೇರಿಯ ಅರ್ಧದಷ್ಟೂ ಮಳೆ ಬೀಳುವುದಿಲ್ಲ. ಅಲ್ಲಿರುವವರು ನನ್ನ ಮಾತನ್ನು ಅರ್ಧ ಬಿಟ್ಟು ಓದಬಹುದು. ಭಾಗಮಂಡಲ ಕಡೆಯವರು ಇನ್ನೂ ಸ್ವಲ್ಪ ಸೇರಿಸಿಕೊಂಡು ಓದಬೇಕು.

ಮೊದಲು ನೋಡಿದ್ದು ಹಳೆಯದೊಂದನ್ನು. ಪಾಲಿಬೆಟ್ಟ ಕಡೆ ಒಂದು ತೋಟದ ಬಂಗಲೆಯಲ್ಲಿ ಬ್ರಿಟಿಷರ ಕಾಲದ ಪಿಯಾನೊ ಇದೆ, ಬಹಳ ಕಮ್ಮಿಗೆ ಕೊಡುತ್ತಾರೆ ಅಂತ ಪರಿಚಯದವರು ಹೇಳಿದರು. ನೋಡೋಕೆ ಚಂದವೋ ಚಂದ. ಕಪ್ಪು ಮರ, ಮುಂದೆ ಮೇಣದಬತ್ತಿ ಇಡೋಕೆ ಹಿತ್ತಾಳೆಯ ಎರಡು ತೋಳು, ಮುಚ್ಚಳದ ಮೇಲೆ ಲಂಡನ್ ಕಂಪನಿಯ ಹೆಸರು. ಮಗಳು ಅಲ್ಲೇ ಸೋತುಹೋದಳು. ನಮ್ಮ ಜೊತೆ ಟ್ಯೂನರ್ ಬಂದಿರಲಿಲ್ಲ, ಆದರೆ ಏನೇನು ನೋಡಬೇಕು ಅಂತ ಅವರು ಫೋನಿನಲ್ಲಿ ಹೇಳಿಕೊಟ್ಟಿದ್ದರು.

ಕಾಲ ಹತ್ತಿರದ ಹಲಗೆಯನ್ನು ತೆಗೆಯೋದು ಸುಲಭ. ಮೇಲುಗಡೆ ಒಂದು ಸ್ಪ್ರಿಂಗ್ ಪಟ್ಟಿ ಇರುತ್ತದೆ, ಅದನ್ನು ಮೇಲಕ್ಕೆ ಒತ್ತಿ ಹಿಡಿದರೆ ಹಲಗೆ ಮುಂದಕ್ಕೆ ವಾಲುತ್ತದೆ. ಮೊಬೈಲ್ ಟಾರ್ಚ್ ಹಾಕಿದೆವು. ತಂತಿಗಳೆಲ್ಲ ಕೆಂಪಗೆ. ಮೂಲೆಯಲ್ಲಿ ಉಣ್ಣೆಯ ಚೂರು, ಕಾಗದದ ಚೂರು, ಅದರ ನಡುವೆ ಒಂದು ಹಿಡಿ ಕಾಫಿ ಬೀಜ! ಇಲಿ ಅಲ್ಲೇ ಸಂಸಾರ ಹೂಡಿ, ಕಣದಿಂದ ಕಾಫಿ ಹೊತ್ತು ತಂದು ಕೂಡಿಟ್ಟಿತ್ತು. ಕೀಗಳ ಕೆಳಗಿನ ಫೆಲ್ಟನ್ನೇ ಕಚ್ಚಿ ಹಾಸಿಗೆ ಮಾಡಿಕೊಂಡಿತ್ತು. ಬಂಗಲೆಯವರು ನಗಾಡಿಕೊಂಡು, ‘ಅದೂ ಅರೇಬಿಕಾನೇ ಆರಿಸಿದೆ ನೋಡಿ’ ಅಂದರು.

ಆದರೆ ನಾವು ಬೇಡ ಅಂದದ್ದು ಇಲಿಗಾಗಿ ಅಲ್ಲ. ಫೆಲ್ಟ್ ಬದಲಾಯಿಸಬಹುದು, ತಂತಿಯನ್ನೂ ಬದಲಾಯಿಸಬಹುದು. ಮೇಲಿನ ಮುಚ್ಚಳ ಎತ್ತಿ ನೋಡಿದರೆ ಹ್ಯಾಮರ್‌ಗಳ ಮುಂದೆ ಉದ್ದುದ್ದ ಸರಿಗೆ ಸಾಲಾಗಿ ನಿಂತಿದ್ದವು. ಶಬ್ದ ನಿಲ್ಲಿಸುವ ಡ್ಯಾಂಪರ್‌ಗಳು ಹ್ಯಾಮರ್‌ಗಿಂತ ಮೇಲೆ ಇರುವ ಹಳೇ ಕಾಲದ ಜೋಡಣೆ ಅದು. ಇಂಗ್ಲಿಷಿನವರೇ ಅದನ್ನು ಹಕ್ಕಿ ಪಂಜರ ಅಂತ ಹಂಗಿಸುತ್ತಾರೆ. ಇಂಥದ್ದರಲ್ಲಿ ಕೀ ಬಿಟ್ಟ ಮೇಲೂ ಸ್ವರ ಪೂರ್ತಿ ನಿಲ್ಲುವುದಿಲ್ಲ, ಕಲಿಯುವ ಮಕ್ಕಳಿಗೆ ತಮ್ಮ ಬೆರಳು ತಪ್ಪಿತೋ ಪಿಯಾನೊ ತಪ್ಪಿತೋ ಗೊತ್ತಾಗುವುದಿಲ್ಲ. ತಂತಿಗಳೂ ಎಲ್ಲ ನೆಟ್ಟಗೆ ಒಂದೇ ದಿಕ್ಕಿಗೆ. ಈಗಿನ ಪಿಯಾನೊಗಳಲ್ಲಿ ಕೆಳಸ್ವರದ ತಂತಿಗಳು ಓರೆಯಾಗಿ ಉಳಿದವುಗಳ ಮೇಲೆ ಹಾಯ್ದು ಹೋಗುತ್ತವೆ, ಅದೇ ಎತ್ತರದಲ್ಲಿ ಉದ್ದ ತಂತಿ ಹಿಡಿಸೋಕೆ. ಫೋನಿನ ಶ್ರುತಿ ಆ್ಯಪ್ ಹಾಕಿ ನಡುವಿನ ಎ ಸ್ವರ ಒತ್ತಿದೆವು. 440 ಹರ್ಟ್ಸ್ ಬರಬೇಕಾದಲ್ಲಿ ಅರ್ಧ ಸ್ವರಕ್ಕಿಂತ ಹೆಚ್ಚು ಇಳಿದಿತ್ತು. ತುಕ್ಕು ಹಿಡಿದ ತಂತಿಯನ್ನು ಅಲ್ಲಿಂದ ಮೇಲಕ್ಕೆ ಎಳೆದರೆ ಪಟಪಟ ಅಂತ ತುಂಡಾಗುವುದೇ ಜಾಸ್ತಿ.

ಎಲ್ಲಕ್ಕಿಂತ ಮುಖ್ಯವಾದದ್ದು ಪಿನ್ ಬ್ಲಾಕ್. ತಂತಿಯ ತುದಿ ಸುತ್ತಿರುವ ಟ್ಯೂನಿಂಗ್ ಪಿನ್‌ಗಳನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗಟ್ಟಿ ಮರದ ತುಂಡು ಅದು, ಹೊರಗೆ ಕಾಣುವುದೂ ಇಲ್ಲ. ವರ್ಷಗಟ್ಟಲೆ ಮಳೆಗೆ ಊದಿ ಬೇಸಿಗೆಗೆ ಕುಗ್ಗಿ ಅದು ಸೀಳಿದರೆ ಪಿನ್ ಸಡಿಲ. ಇವತ್ತು ಶ್ರುತಿ ಮಾಡಿದರೆ ನಾಳೆ ಇಲ್ಲ. ಹಳೇ ಪಿಯಾನೊ ನೋಡೋಕೆ ಹೋದಾಗ ನುಡಿಸಿ ನೋಡಿದರೆ ಸಾಲದು, ಪಿನ್ ಬಿಗಿ ಇದೆಯಾ ಅಂತ ಗೊತ್ತಿದ್ದವರ ಕೈಯಲ್ಲಿ ಟ್ಯೂನಿಂಗ್ ಲಿವರ್ ಹಾಕಿ ತಿರುಗಿಸಿ ನೋಡಿಸಬೇಕು. ಅಕ್ಕಪಕ್ಕದ ಕೆಲವು ಸ್ವರಗಳು ಮಾತ್ರ ವಿಪರೀತ ಇಳಿದಿದ್ದರೆ ಅನುಮಾನ ಪಡಿ.

ಆ ಕಾಲದ ಕಂಪನಿಗಳಿಗೆ ನಮ್ಮ ಹವೆ ಗೊತ್ತಿರಲಿಲ್ಲ ಅಂತಲ್ಲ. ಇಂಡಿಯಾದಂಥ ದೇಶಗಳಿಗೆ ಕಳಿಸುವಾಗ ಬರೀ ಅಂಟನ್ನು ನಂಬದೆ ಹಿತ್ತಾಳೆ ಸ್ಕ್ರೂ ಹಾಕಿ ಬಲಪಡಿಸಿ ಕಳಿಸುತ್ತಿದ್ದರು, ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟು ತೇವಕ್ಕೆ ಬಿಟ್ಟುಕೊಳ್ಳುತ್ತಿತ್ತು. ಅಂಥದ್ದು ಚೆನ್ನಾಗಿ ನೋಡಿಕೊಂಡವರ ಮನೆಯಲ್ಲಿ ಸಿಕ್ಕಿದರೆ ಅದೃಷ್ಟ. ಇನ್ನೊಂದು ವಿಷಯ. ಬಿಳಿ ಕೀ ಮೇಲೆ ಸಣ್ಣ ಗೆರೆಗಳಿದ್ದು, ಕಪ್ಪು ಕೀ ಶುರುವಾಗುವ ಜಾಗದಲ್ಲಿ ಕೂದಲೆಳೆಯಷ್ಟು ಬೆಸುಗೆ ಕಂಡರೆ ಅದು ಆನೆದಂತ ಇರಬಹುದು. ಪ್ಲಾಸ್ಟಿಕ್ ಆದರೆ ಒಂದೇ ತುಂಡು. ನಮ್ಮ ದೇಶದಲ್ಲಿ ಆನೆದಂತದ ವ್ಯಾಪಾರ ಕಾನೂನಿಗೆ ವಿರುದ್ಧ. ದುಬಾರೆ ಆನೆ ಶಿಬಿರದ ಪಕ್ಕದಲ್ಲೇ ಇದ್ದುಕೊಂಡು ಆ ಉಸಾಬರಿ ಯಾರಿಗೆ ಬೇಕು?

ಆಮೇಲೆ ಬೆಂಗಳೂರಿನ ಅಂಗಡಿಗಳು. ಎಸಿ ಹಾಲ್, ಎಲ್ಲವೂ ಕನ್ನಡಿಯ ಹಾಗೆ ಮಿರಮಿರ. ಅಲ್ಲಿ ಎಲ್ಲ ಪಿಯಾನೊವೂ ಚೆನ್ನಾಗೇ ಕೇಳಿಸುತ್ತವೆ, ಅದೇ ಕಷ್ಟ. ಸೇಲ್ಸ್‌ನವರು ಮೊದಲು ಮಾತಾಡುವುದು ಬಣ್ಣದ ಬಗ್ಗೆ. ನಾವು ನೋಡಬೇಕಾದದ್ದು ಎತ್ತರ. ಅಪ್‌ರೈಟ್‌ನ ಎತ್ತರ ಅಂದರೆ ಸುಮ್ನೆ ಮರದ ಅಳತೆಯಲ್ಲ, ಕೆಳಸ್ವರದ ತಂತಿ ಎಷ್ಟುದ್ದ, ಸೌಂಡ್‌ಬೋರ್ಡ್ ಎಷ್ಟಗಲ ಅಂತ ಅದೇ ನಿರ್ಧರಿಸುತ್ತದೆ. 109 ಸೆಂಟಿಮೀಟರ್‌ನ ಚಿಕ್ಕ ಮಾಡೆಲ್‌ಗಳಲ್ಲಿ ಎಡಗೈ ತುದಿಯ ಸ್ವರ ಒತ್ತಿದರೆ ಗುಂಯ್ ಅನ್ನುತ್ತದೆ, ಯಾವ ಸ್ವರ ಅಂತ ಕಿವಿಗೆ ಸ್ಪಷ್ಟವಾಗುವುದಿಲ್ಲ. 121 ಸೆಂಟಿಮೀಟರ್‌ಗೆ ಬಂದರೆ ಸ್ವರ ಬಿಡಿಸಿ ಕೇಳುತ್ತದೆ. ಯಮಹಾ ಯು1 ಅನ್ನುವ ಹೆಸರಾಂತ ಮಾಡೆಲ್ ಇದೇ ಎತ್ತರದ್ದು, ಕವಾಯಿಯ ಕೆ-300 ಅದಕ್ಕಿಂತ ಒಂದು ಸೆಂಟಿಮೀಟರ್ ಜಾಸ್ತಿ. ಯು3ನಂತೆ 131ರದ್ದೂ ಇದೆ. ನಮ್ಮ ಮನೆಯಂಥ ಹಾಲ್‌ಗೆ, ಕೆಳಗೆ ರೆಡ್ ಆಕ್ಸೈಡ್ ನೆಲ, ಮೇಲೆ ಆರ್‌ಸಿಸಿ, ಅದರ ಶಬ್ದ ಜಾಸ್ತಿಯಾಗುತ್ತಿತ್ತು. ಹಂಚಿನ ಮನೆ, ಮರದ ಅಟ್ಟ ಇರುವವರು ಧೈರ್ಯ ಮಾಡಬಹುದು. ಹಾಲ್ ಗುಡುಗುತ್ತಿದ್ದರೆ ಒಂದು ಜಮಖಾನ ಹಾಸಿ ನೋಡಿ, ಎಷ್ಟೋ ತಗ್ಗುತ್ತದೆ.

ಅಂಗಡಿಯಲ್ಲಿ ಜೋರಾಗಿ ನುಡಿಸಿ ಖುಷಿ ಪಡಬೇಡಿ. ಜೋರು ಎಲ್ಲದರಲ್ಲೂ ಬರುತ್ತದೆ. ಆದಷ್ಟು ಮೆಲ್ಲಗೆ ಒಂದು ಸ್ಕೇಲ್ ನುಡಿಸಿ, ಎಲ್ಲ ಸ್ವರವೂ ಒಂದೇ ತೂಕದಲ್ಲಿ ಬರುತ್ತಾ ನೋಡಿ. ಒಂದೇ ಕೀಯನ್ನು ಬೇಗ ಬೇಗ ಒತ್ತಿ ನೋಡಿ. ಅಪ್‌ರೈಟ್‌ನಲ್ಲಿ ಹ್ಯಾಮರ್ ಅಡ್ಡಕ್ಕೆ ಚಲಿಸುತ್ತದೆ, ತಂತಿ ಮಲಗಿಸಿ ಕಟ್ಟಿದ ಗ್ರ್ಯಾಂಡ್ ಪಿಯಾನೊದಲ್ಲಿ ಬೀಳುವ ಹಾಗೆ ತನ್ನ ಭಾರಕ್ಕೆ ತಾನೇ ಕೆಳಗೆ ಬೀಳುವುದಿಲ್ಲ, ಸ್ಪ್ರಿಂಗ್ ಮತ್ತು ಪಟ್ಟಿ ಅದನ್ನು ಹಿಂದಕ್ಕೆ ಎಳೆಯಬೇಕು. ಹಾಗಾಗಿ ಆಕ್ಷನ್, ಅಂದರೆ ಕೀಯಿಂದ ಹ್ಯಾಮರ್‌ವರೆಗಿನ ಯಂತ್ರಭಾಗ, ಚೆನ್ನಾಗಿಲ್ಲದ ಪಿಯಾನೊ ಇಲ್ಲೇ ಸಿಕ್ಕಿಬೀಳುತ್ತದೆ. ಮಧ್ಯದ ಪೆಡಲ್ ಒತ್ತಿ ಪಕ್ಕಕ್ಕೆ ಸರಿಸಿದರೆ ತಂತಿಗೂ ಹ್ಯಾಮರ್‌ಗೂ ನಡುವೆ ತೆಳು ಫೆಲ್ಟ್ ಇಳಿಯುವ ವ್ಯವಸ್ಥೆ ಬಹಳಷ್ಟು ಅಪ್‌ರೈಟ್‌ಗಳಲ್ಲಿ ಇದೆ. ಮನೆಯಲ್ಲಿ ಬೇಗ ಮಲಗುವ ಹಿರಿಯರಿದ್ದರೆ ಅದು ದೊಡ್ಡ ಉಪಕಾರ. ನಮ್ಮ ಮನೆಯವರು ಮಾತ್ರ ಅದನ್ನು ಹಗಲಲ್ಲೂ ಹಾಕಿಡು ಅನ್ನುತ್ತಾರೆ.

ಹೆಸರಿನ ವಿಷಯದಲ್ಲಿ ಒಂದು ಎಚ್ಚರ. ಮುಚ್ಚಳದ ಮೇಲೆ ಜರ್ಮನ್ ಹೆಸರಿದ್ದರೆ ಪಿಯಾನೊ ಜರ್ಮನಿಯದ್ದು ಅಂತ ಅಲ್ಲ. ರಿಟ್‌ಮ್ಯೂಲರ್ ಅನ್ನುವ ಹಳೇ ಜರ್ಮನ್ ಹೆಸರು ಈಗ ಚೀನಾದ ಗುವಾಂಗ್‌ಝೌನ ಪರ್ಲ್ ರಿವರ್ ಕಂಪನಿಯದ್ದು. ಇದು ಮೋಸ ಅಲ್ಲ, ಚೀನಾದಲ್ಲಿ ಮಾಡಿದ್ದು ಕೆಟ್ಟದ್ದು ಅಂತಲೂ ಅಲ್ಲ. ಯಮಹಾ, ಕವಾಯಿಯ ಎಷ್ಟೋ ಮಾಡೆಲ್‌ಗಳು ಇಂಡೋನೇಷ್ಯಾದಲ್ಲಿ ತಯಾರಾಗುತ್ತವೆ. ಹೆಸರಿಗೆ ಜಾಸ್ತಿ ದುಡ್ಡು ಕೊಡುವ ಮೊದಲು ಎಲ್ಲಿ ಮಾಡಿದ್ದು, ಯಾವ ವರ್ಷದ್ದು ಅಂತ ಕೇಳಿ. ಸೀರಿಯಲ್ ನಂಬರ್ ಒಳಗಡೆ ಕಬ್ಬಿಣದ ಚೌಕಟ್ಟಿನ ಮೇಲೇ ಸಾಮಾನ್ಯವಾಗಿ ಇರುತ್ತದೆ, ಅದರಿಂದ ವರ್ಷ ಗೊತ್ತಾಗುತ್ತದೆ.

ಕೊಡಗಿನವರಿಗೆ ನಾನು ಒತ್ತಿ ಹೇಳುವ ವಿಷಯ ಬೇರೆಯೇ ಇದೆ. ಕವಾಯಿಯವರು 1970ರ ದಶಕದಿಂದಲೇ ಆಕ್ಷನ್‌ನ ಕೆಲವು ಭಾಗಗಳನ್ನು ಮರದ ಬದಲು ಎಬಿಎಸ್ ಪ್ಲಾಸ್ಟಿಕ್‌ನಲ್ಲಿ ಮಾಡುತ್ತಾ ಬಂದಿದ್ದಾರೆ. ಪ್ಲಾಸ್ಟಿಕ್ ಅಂದ ಕೂಡಲೇ ಮೂಗು ಮುರಿಯುವವರಿದ್ದಾರೆ. ಮರವೇ ಶ್ರೇಷ್ಠ, ಹ್ಯಾಮರ್ ತಂತಿಗೆ ಬಡಿಯುವ ಅನುಭವವೇ ಬೇರೆ ಅನ್ನುತ್ತಾರೆ. ಇರಬಹುದು. ಆದರೆ ಆ ತುಂಡು ಕಕ್ಕಡದಲ್ಲಿ ಊದಿಕೊಳ್ಳುವುದಿಲ್ಲ. ಒಣ ಹವೆಯ ಊರಲ್ಲಿ ಕೂತು ಬರೆದ ಸಲಹೆಗಳನ್ನು ಓದಿ ನಾವು ಇಲ್ಲಿ ಮೂಗು ಮುರಿಯುವುದರಲ್ಲಿ ಅರ್ಥ ಇಲ್ಲ.

ಜಪಾನಿನಿಂದ ಬರುವ ಸೆಕೆಂಡ್ ಹ್ಯಾಂಡ್ ಪಿಯಾನೊಗಳ ಬಗ್ಗೆಯೂ ಹೀಗೇ. ಜಪಾನಿನಲ್ಲೇ ಬಳಸಿದ ಪಿಯಾನೊ ಅಮೆರಿಕದಂಥ ಒಣ ಹವೆಗೆ, ಚಳಿಗಾಲವಿಡೀ ಹೀಟರ್ ಉರಿಯುವ ಮನೆಗಳಿಗೆ ಹೋದರೆ ಮರ ಸೀಳಬಹುದು ಅಂತ ಯಮಹಾದವರೇ ಎಚ್ಚರಿಸಿದ್ದಾರೆ. ನಮಗೆ ಆ ಭಯ ಕಮ್ಮಿ. ಯಮಹಾ, ಕವಾಯಿ ಎರಡೂ ಹುಟ್ಟಿದ ಹಮಾಮತ್ಸು ಊರಲ್ಲೂ ಮಳೆಗಾಲ ಇದೆ, ಬೆವರು ಸುರಿಯುವ ತೇವದ ಬೇಸಿಗೆ ಇದೆ. ಕೊನೆಗೆ ನಾವು ತಂದದ್ದೂ ಅಂಥದ್ದೇ ಒಂದು 121 ಸೆಂಟಿಮೀಟರ್‌ನದ್ದು. ಟ್ಯೂನರ್ ಅಂಗಡಿಗೆ ಬಂದು ಪಿನ್‌ಗಳನ್ನು ತಿರುಗಿಸಿ, ಹ್ಯಾಮರ್ ಫೆಲ್ಟ್‌ನಲ್ಲಿ ತಂತಿ ಕೊರೆದ ಗೀರು ಎಷ್ಟು ಆಳ ಇದೆ ಅಂತ ಉಗುರು ಹಾಕಿ ನೋಡಿ, ಹಿಂದಿನಿಂದ ಸೌಂಡ್‌ಬೋರ್ಡ್‌ಗೆ ಟಾರ್ಚ್ ಹಿಡಿದು, ‘ಮೇಡಂ, ಇದು ತಗೊಳ್ಳಿ, ಆ ಹೊಳೀತಿರೋದು ಬೇಡ’ ಅಂದರು. ಹೊಳೆಯುತ್ತಿದ್ದದ್ದು ಇದಕ್ಕಿಂತ ಹೊಸದು, ಬೆಲೆಯೂ ಕಮ್ಮಿ. ಅವರಿಗೆ ಕೊಟ್ಟ ಫೀಸು ನಾನು ಪಿಯಾನೊಗೆ ಹಾಕಿದ ದುಡ್ಡಲ್ಲೇ ಅತ್ಯಂತ ಸಾರ್ಥಕವಾದದ್ದು.

ಡಿಜಿಟಲ್ ಸಾಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಶುರುವಿಗೆ ಖಂಡಿತ ಸಾಕು, ಅದರಲ್ಲೂ ಮಗು ಮುಂದುವರಿಸುತ್ತೋ ಇಲ್ಲವೋ ಗೊತ್ತಿಲ್ಲದಾಗ. 88 ಕೀ ಇರಬೇಕು, ಕೀಗೆ ನಿಜವಾದ ಪಿಯಾನೊದ ಭಾರ ಇರಬೇಕು. ಅಷ್ಟಿದ್ದರೆ ಟ್ಯೂನರ್ ಬೇಡ, ಬೂಷ್ಟಿನ ಭಯ ಕಮ್ಮಿ, ಹೆಡ್‌ಫೋನ್ ಹಾಕಿಕೊಂಡರೆ ಮನೆಯಲ್ಲಿ ಶಾಂತಿ. ಅರವತ್ತೊಂದು ಕೀಯ ಹಗುರ ಕೀಬೋರ್ಡ್ ಮೇಲೆ ಕಲಿತ ಬೆರಳು ಮಾತ್ರ ನಿಜವಾದ ಪಿಯಾನೊ ಮುಂದೆ ಕೂತರೆ ಸೋತುಹೋಗುತ್ತದೆ. ಡಿಜಿಟಲ್‌ಗೆ ಇಲ್ಲಿ ಬೇರೆ ಶತ್ರುಗಳಿವೆ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಕೊಡಗಿನಲ್ಲಿ ಎಷ್ಟು ಟಿವಿ, ಮೋಡೆಮ್ ಸುಟ್ಟಿವೆ ಅಂತ ಎಲ್ಲರಿಗೂ ಗೊತ್ತು, ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ. ಆಗ ಡಿಜಿಟಲ್ ಮೇಲೆ ಬಟ್ಟೆ ಮಡಚಿಡಬಹುದು ಅಷ್ಟೇ. ಅಪ್‌ರೈಟ್‌ಗೆ ಸೀಮೆಎಣ್ಣೆ ದೀಪ ಸಾಕು. ನಾವಂತೂ ಡಿಜಿಟಲ್ ಮಾರಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಮಗಳು ರಾತ್ರಿ ಅದರಲ್ಲೇ ಅಭ್ಯಾಸ ಮಾಡುತ್ತಾಳೆ, ಅಪ್‌ರೈಟ್ ನನಗೆ ಸಿಗುತ್ತದೆ.

ತರುವ ಕಾಲ ನೋಡಿಕೊಳ್ಳಿ. ಕಾಫಿ ಕೊಯ್ಲು ಮುಗಿದು ಕೈಯಲ್ಲಿ ದುಡ್ಡು ಓಡಾಡುವ ಫೆಬ್ರವರಿ, ಮಾರ್ಚ್ ತಿಂಗಳೇ ಪಿಯಾನೊಗೂ ಒಳ್ಳೆಯದು. ರಸ್ತೆ ಒಣಗಿರುತ್ತದೆ, ಮನೆಯೂ ಒಣಗಿರುತ್ತದೆ, ಮಳೆ ಬರುವ ಮೊದಲು ಅದು ಹೊಸ ಜಾಗಕ್ಕೆ ಹೊಂದಿಕೊಳ್ಳುತ್ತದೆ. ಜೂನ್‌ನಲ್ಲಿ ಲಾರಿ ಮೇಲೆ ಟಾರ್ಪಾಲ್ ಕಟ್ಟಿಕೊಂಡು ಆನೆಕಾಡು ದಾಟಿಸುವ ಸಾಹಸ ಬೇಡ. ನಮ್ಮ ಮನೆಗೆ ರಸ್ತೆಯಿಂದ ಹತ್ತಾರು ಮೆಟ್ಟಿಲು. ಅಂಗಡಿಯ ಹುಡುಗರು ಮೆಟ್ಟಿಲು ನೋಡಿ ಕೈಚೆಲ್ಲಿದರು. ಕೊನೆಗೆ ಪಕ್ಕದ ಊರಿನ ಮರ ಲೋಡ್ ಮಾಡುವವರನ್ನು ಕರೆಸಿದೆವು. ಅವರು ಅದರ ಸುತ್ತ ಒಂದು ಸಲ ನಡೆದು, ಹಗ್ಗ ಹಾಕಿ, ಎರಡು ಗಳ ಕಟ್ಟಿ, ಒಂದೇ ಉಸಿರಿಗೆ ಮೇಲೆ ತಂದು ನಿಲ್ಲಿಸಿದರು. ‘ಇದಕ್ಕಿಂತ ಸಿಲ್ವರ್ ಓಕ್ ದಿಮ್ಮಿ ಕಷ್ಟ ಅಕ್ಕಾ’ ಅಂದರು. ಕೆಳಗಿನ ಚಿಕ್ಕ ಚಕ್ರದ ಮೇಲೆ ಮಾತ್ರ ಉರುಳಿಸೋಕೆ ಬಿಡಬೇಡಿ, ನೆಲ ಬಿರುಕು ಬಿಡುತ್ತದೆ. ಚಕ್ರದ ಕೆಳಗೆ ಮರದ ಬಿಲ್ಲೆ ಇಡಿ.

ಜಾಗ ಯಾವುದು? ಮಳೆ ಬಡಿಯುವ ಹೊರಗೋಡೆಗೆ ಒರಗಿಸಬೇಡಿ, ಕಿಟಕಿಯ ಪಕ್ಕ ಬೇಡ, ಒಲೆ ಉರಿಯುವ ಅಡುಗೆಮನೆಯ ಗೋಡೆಗೂ ಬೇಡ. ಒಳಗೋಡೆಯಿಂದ ಒಂದೆರಡು ಇಂಚು ಬಿಟ್ಟು ನಿಲ್ಲಿಸಿ, ಹಿಂದೆ ಗಾಳಿ ಆಡಲಿ, ಗೆದ್ದಲು ಬಂದರೆ ಕಾಣಲಿ. ಒಂದು ದಿನ ಒದ್ದೆ, ಒಂದು ದಿನ ಬೆಂಕಿಯ ಕಾವು ಅಂತ ಆಡುವ ಮನೆಗಿಂತ ಒಂದೇ ಸಮ ಸ್ವಲ್ಪ ಒದ್ದೆ ಇರುವ ಮನೆಯೇ ಮೇಲು ಅನ್ನುತ್ತಾರೆ ನಮ್ಮ ಟ್ಯೂನರ್.

ಒಳಗಡೆ ಒಂದು ಬಲ್ಬ್ ಬೇಕು. ಬೀರುವಿನಲ್ಲಿ ಬೂಷ್ಟು ಹಿಡಿಯದಿರಲಿ ಅಂತ ನಾವೆಲ್ಲ ಹಾಕುತ್ತೇವಲ್ಲ, ಅದೇ ಉಪಾಯ. ಗಾಳಿ ಸ್ವಲ್ಪ ಬಿಸಿಯಾದರೆ ಅದರ ತೇವದ ಶೇಕಡಾವಾರು ಇಳಿಯುತ್ತದೆ, ನೀರು ಅಷ್ಟೇ ಇದ್ದರೂ. ಆದರೆ ಅದು ಹಳೇ ಕಾಲದ ಫಿಲಮೆಂಟ್ ಬಲ್ಬೇ ಆಗಬೇಕು. ಈಗ ಎಲ್ಲಿ ಕೇಳಿದರೂ ಎಲ್ಇಡಿ ಕೊಡುತ್ತಾರೆ. ಅದರಲ್ಲಿ ಬೆಳಕು ಬರುತ್ತದೆ, ಬೇಕಾದಷ್ಟು ಕಾವು ಬರುವುದಿಲ್ಲ, ಇಲಿಗೆ ಓದೋಕೆ ಅನುಕೂಲ. ಇದಕ್ಕೆಂದೇ ಮಾಡಿದ ಹೀಟರ್ ರಾಡ್ ಸಿಗುತ್ತದೆ, ತೇವ ಇಳಿದರೆ ತಾನೇ ಆಫ್ ಆಗುವ ಹ್ಯುಮಿಡಿಸ್ಟ್ಯಾಟ್ ಜೊತೆಗೆ. ನಮ್ಮದು ಈಗ ಅದೇ. ಬಲ್ಬ್ ಹಾಕುವವರು ಮರಕ್ಕೂ ಫೆಲ್ಟ್‌ಗೂ ತಾಗದಂತೆ ಕೆಳಗಡೆ ಭದ್ರವಾಗಿ ಕಟ್ಟಿ, ಮಾರ್ಚ್‌ನಲ್ಲಿ ಮರೆಯದೆ ಆರಿಸಿ. ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಹಾಕಿ ನಿಶ್ಚಿಂತೆಯಿಂದ ಇರುವವರನ್ನೂ ನೋಡಿದ್ದೇನೆ. ಮಡಿಕೇರಿಯ ಮಳೆಗೆ ಅದು ಯಾವ ಮೂಲೆಗೆ?

ಟ್ಯೂನಿಂಗ್ ಮಳೆಗಾಲದಲ್ಲಿ ಮಾಡಿಸಬೇಡಿ, ದುಡ್ಡು ದಂಡ. ತುಲಾ ಸಂಕ್ರಮಣ ಕಳೆದು, ಗಾಳಿ ಒಣಗಿ, ಸೌಂಡ್‌ಬೋರ್ಡ್ ತನ್ನ ಜಾಗಕ್ಕೆ ಬಂದ ಮೇಲೆ, ಅಂದರೆ ನವೆಂಬರ್ ಕೊನೆಗೆ ಒಂದು ಸಲ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಏಪ್ರಿಲ್‌ನಲ್ಲಿ ಇನ್ನೊಂದು ಸಲ. ಕಳೆದ ನವೆಂಬರ್‌ನಲ್ಲಿ ಬಂದಾಗ ಅವರು ಮಾಡುವುದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಮೂರು ತಂತಿಯ ಸ್ವರದಲ್ಲಿ ಎರಡನ್ನು ರಬ್ಬರ್ ತುಂಡಿನಿಂದ ಒತ್ತಿ ಬಾಯಿ ಮುಚ್ಚಿಸಿ, ಒಂದನ್ನು ಮಾತ್ರ ಶ್ರುತಿ ಮಾಡಿ, ಆಮೇಲೆ ಉಳಿದೆರಡನ್ನು ಒಂದೊಂದಾಗಿ ಅದಕ್ಕೆ ಸೇರಿಸುತ್ತಾರೆ. ಎರಡು ತಂತಿ ಹತ್ತಿರ ಬಂದಂತೆ ವಾಂವ್ ವಾಂವ್ ಅನ್ನುವ ಅಲೆ ನಿಧಾನವಾಗುತ್ತಾ ಹೋಗಿ ಒಂದು ಗಳಿಗೆಯಲ್ಲಿ ನಿಂತುಬಿಡುತ್ತದೆ. ಒಂದು ಸಲ ಅದನ್ನು ಕೇಳಿಸಿಕೊಂಡರೆ ಕಿವಿಗೆ ಹೊಸ ಅಭ್ಯಾಸ ಹತ್ತುತ್ತದೆ. ಹಿಡಿದುಕೊಂಡಿದ್ದ ಕೀಗಳನ್ನು ಎತ್ತಿ ತೆಗೆದು, ಚಪ್ಪಟೆ ಬಾಯಿಯ ಇಕ್ಕಳದಿಂದ ಆ ಊದಿದ ಬಟ್ಟೆಯನ್ನು ಹಗುರವಾಗಿ ಒತ್ತಿ ವಾಪಸ್ ಇಟ್ಟರು. ಅತ್ತೆ ಅವರಿಗೆ ಕಡುಬು, ಪಂದಿಕರಿ ಬಡಿಸಿ, ‘ಇಷ್ಟು ದೂರದಿಂದ ಬಂದಿದ್ದೀರಿ, ನಮ್ಮ ಗೋಡೆ ಗಡಿಯಾರವನ್ನೂ ಸ್ವಲ್ಪ ನೋಡಿ’ ಅಂದರು. ಪಾಪ, ನೋಡಿದರು.

ಅವರ ಖರ್ಚಿನಲ್ಲಿ ಟ್ಯೂನಿಂಗ್‌ನ ಪಾಲು ಕಮ್ಮಿ, ದಾರಿ ಖರ್ಚು ಮತ್ತು ಒಂದು ರಾತ್ರಿಯ ವಾಸದ್ದೇ ಜಾಸ್ತಿ. ಕಳೆದ ಸಲ ವಿರಾಜಪೇಟೆಯ ಒಂದು ಮನೆಯವರು ಸೇರಿಕೊಂಡಿದ್ದರಿಂದ ಇಬ್ಬರಿಗೂ ಹಗುರವಾಯಿತು. ಈ ನವೆಂಬರ್‌ಗೂ ಅವರು ಬರುತ್ತಾರೆ. ಗೋಣಿಕೊಪ್ಪ, ಸಿದ್ದಾಪುರ, ಸುಂಟಿಕೊಪ್ಪ ಕಡೆ ಯಾರ ಮನೆಯಲ್ಲಾದರೂ ಶ್ರುತಿ ಕೆಟ್ಟ ಪಿಯಾನೊ ಇದ್ದರೆ ಹೇಳಿ, ದಾರಿ ಖರ್ಚು ಹಂಚಿಕೊಳ್ಳೋಣ. ಊಟ ಮಾತ್ರ ನಮ್ಮ ಮನೆಯಲ್ಲೇ, ಅತ್ತೆ ಗಡಿಯಾರ ಮತ್ತೆ ನಿಂತಿದೆ.